ನೆಗಡಿ ಮತ್ತು ಫ್ಲೂ ತಡೆ: ಪುಣೆಯ ದಿನನಿತ್ಯದ ಅಭ್ಯಾಸಗಳು

ನೆಗಡಿ ಮತ್ತು ಫ್ಲೂ ತಡೆ ಎಂದರೆ ಮೂಗು, ಗಂಟಲು, ಶ್ವಾಸನಾಳಗಳಿಗೆ ತಗಲುವ ವೈರಸ್‌ಗಳು ಒಬ್ಬರಿಂದ ಇನ್ನೊಬ್ಬರಿಗೆ ದಾಟದಂತೆ, ದಾಟಿದರೂ ಕಾಯಿಲೆ ಬಲಿಯದಂತೆ ನೋಡಿಕೊಳ್ಳುವ ದಿನನಿತ್ಯದ ರೂಢಿಗಳು. ಕೈ ತೊಳೆಯುವುದು, ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳುವುದು, ಕೋಣೆಗೆ ಗಾಳಿ ಬಿಡುವುದು, ಜ್ವರ ಬಂದವರು ಮನೆಯಲ್ಲೇ ಉಳಿಯುವುದು, ಸಾಕಷ್ಟು ನಿದ್ದೆ ಮಾಡುವುದು, ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿಕೊಳ್ಳುವುದು ಇದರ ಮುಖ್ಯ ಅಂಗಗಳು. ಭಾರತದಲ್ಲಿ ಈ ರೂಢಿಗಳ ಚರಿತ್ರೆ ಪುಣೆ ನಗರದ ಜೊತೆ ಬಿಗಿಯಾಗಿ ಹೆಣೆದುಕೊಂಡಿದೆ. ದೇಶದ ಪ್ರಮುಖ ವೈರಸ್ ಸಂಶೋಧನಾ ಸಂಸ್ಥೆ ಇರುವುದು ಇಲ್ಲಿ. 2009ರ ಹಂದಿಜ್ವರದಿಂದ ದೇಶದಲ್ಲಿ ಮೊದಲ ಸಾವು ಸಂಭವಿಸಿದ್ದೂ ಇಲ್ಲೇ. ಫ್ಲೂ ಲಸಿಕೆ ತಯಾರಿಸುವ ದೊಡ್ಡ ಕಾರ್ಖಾನೆಯೂ ಇದೇ ಊರಿನ ಹಡಪ್ಸರದಲ್ಲಿದೆ.

ರೋಗಗಳು ಮತ್ತು ವೈರಸ್‌ಗಳು

ಈ ಲೇಖನದಲ್ಲಿ ನೆಗಡಿ ಎಂಬ ಮಾತನ್ನು ಮೂಗು-ಗಂಟಲಿಗೆ ಸೀಮಿತವಾಗಿ, ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ತಾನಾಗಿ ಇಳಿಯುವ ಸೋಂಕಿಗೆ ಬಳಸಲಾಗಿದೆ. ಶೀತ, ಥಂಡಿ ಎಂದು ಮನೆಗಳಲ್ಲಿ ಕರೆಯುವುದೂ ಇದನ್ನೇ. ಫ್ಲೂ ಎಂದರೆ ಇನ್‌ಫ್ಲುಯೆಂಜಾ ವೈರಸ್‌ನಿಂದ ಮಾತ್ರ ಬರುವ ಜ್ವರ.

ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚು. ಅವುಗಳಲ್ಲಿ ದೊಡ್ಡ ಪಾಲು 1950ರ ದಶಕದಲ್ಲಿ ಪತ್ತೆಯಾದ ರೈನೊವೈರಸ್‌ಗಳದು. ಉಳಿದವು ಅಡಿನೊವೈರಸ್, ಪ್ಯಾರಾಇನ್‌ಫ್ಲುಯೆಂಜಾ, ಆರ್‌ಎಸ್‌ವಿ, ಕೋವಿಡ್‌ಗಿಂತ ಬಹಳ ಮೊದಲಿನಿಂದ ಮನುಷ್ಯರಲ್ಲಿ ಇರುವ ನಾಲ್ಕು ಬಗೆಯ ಕೊರೊನಾವೈರಸ್‌ಗಳು ಮೊದಲಾದವು. ಇಷ್ಟೊಂದು ಬಗೆ ಇರುವುದರಿಂದ ನೆಗಡಿಗೆ ಒಂದೇ ಲಸಿಕೆ ಮಾಡಲು ಸಾಧ್ಯವಾಗಿಲ್ಲ. ದೊಡ್ಡವರಿಗೆ ವರ್ಷಕ್ಕೆ ಎರಡು-ಮೂರು ಸಲ, ಚಿಕ್ಕ ಮಕ್ಕಳಿಗೆ ಆರೇಳು ಸಲ ನೆಗಡಿ ಬಂದರೆ ಅದು ಅಸಹಜವಲ್ಲ. ಮಗುವಿಗೆ ಮತ್ತೆ ಮತ್ತೆ ನೆಗಡಿ ಬಂತೆಂದು ತಾಯಿ ತನ್ನ ಆರೈಕೆಯನ್ನೇ ಅನುಮಾನಿಸಬೇಕಾದ ಕಾರಣವಿಲ್ಲ.

ಇನ್‌ಫ್ಲುಯೆಂಜಾ ವೈರಸ್‌ನಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಬಗೆಗಳಿವೆ. ಮನುಷ್ಯರಲ್ಲಿ ಋತುಮಾನದ ಜ್ವರ ತರುವುದು ಎ ಮತ್ತು ಬಿ. 1933ರಲ್ಲಿ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್, ಪ್ಯಾಟ್ರಿಕ್ ಲೇಡ್ಲಾ ಎಂಬ ಮೂವರು ಬ್ರಿಟಿಷ್ ವಿಜ್ಞಾನಿಗಳು ಮನುಷ್ಯರ ಫ್ಲೂ ವೈರಸ್ಸನ್ನು ಮೊದಲ ಬಾರಿಗೆ ಬೇರ್ಪಡಿಸಿದರು. ಎ ಬಗೆಯ ವೈರಸ್‌ನ ಮೈಮೇಲಿರುವ ಎರಡು ಪ್ರೋಟೀನುಗಳ ಮೊದಲ ಅಕ್ಷರಗಳಿಂದ ಎಚ್1ಎನ್1, ಎಚ್3ಎನ್2 ಎಂಬ ಹೆಸರುಗಳು ಬಂದಿವೆ. ಈ ಪ್ರೋಟೀನುಗಳು ವರ್ಷವರ್ಷವೂ ಅಷ್ಟಿಷ್ಟು ಬದಲಾಗುವುದರಿಂದ ಹಿಂದಿನ ವರ್ಷದ ಲಸಿಕೆ ಈ ವರ್ಷಕ್ಕೆ ಸಾಲುವುದಿಲ್ಲ.

ಎರಡೂ ಕಾಯಿಲೆಗಳ ಆರಂಭವೇ ಬೇರೆ. ನೆಗಡಿ ಗಂಟಲು ಕೆರೆತದಿಂದ ಮೆಲ್ಲಗೆ ಶುರುವಾಗುತ್ತದೆ. ಫ್ಲೂ ಕೆಲವೇ ಗಂಟೆಗಳಲ್ಲಿ ಜ್ವರ, ಚಳಿ, ಮೈಕೈ ನೋವು, ಒಣಕೆಮ್ಮು, ಸುಸ್ತುಗಳೊಂದಿಗೆ ಹಾಸಿಗೆ ಹಿಡಿಸುತ್ತದೆ. ಸೋಂಕು ತಗಲಿ ಒಂದರಿಂದ ನಾಲ್ಕು ದಿನಗಳಲ್ಲಿ ಫ್ಲೂ ಕಾಣಿಸಿಕೊಳ್ಳುತ್ತದೆ. ರೋಗಿಯು ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ವೈರಸ್ ಹರಡತೊಡಗಿ, ಮುಂದೆ ಐದರಿಂದ ಏಳು ದಿನ ಹರಡುತ್ತಿರುತ್ತಾನೆ. ಕಾಯಿಲೆಯವರನ್ನು ಕಂಡಾಗ ಮಾತ್ರ ಎಚ್ಚರ ವಹಿಸುವ ಕ್ರಮ ಸಾಲದು ಎನ್ನುವುದಕ್ಕೆ ಈ ಒಂದು ದಿನದ ಅಂತರವೇ ಕಾರಣ.

ಹಿನ್ನೆಲೆ

ಸಾಂಕ್ರಾಮಿಕ ತಡೆಯನ್ನು ಬಲವಂತದಿಂದ ಹೇರಿದರೆ ಏನಾಗುತ್ತದೆ ಎನ್ನುವುದನ್ನು ಪುಣೆ 1897ರಲ್ಲೇ ಕಂಡಿತು. ಪ್ಲೇಗ್ ಹಬ್ಬಿದಾಗ ಸೈನಿಕರು ಮನೆಮನೆಗೆ ನುಗ್ಗಿ ತಪಾಸಣೆ ನಡೆಸಿದರು. ಜನರ ಆಕ್ರೋಶ ಹೆಪ್ಪುಗಟ್ಟಿ, ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತು. ಅದೇ ವರ್ಷ ಮಾರ್ಚ್ 10ರಂದು, ಪ್ಲೇಗ್ ರೋಗಿಗಳ ಶುಶ್ರೂಷೆಯಲ್ಲಿ ತೊಡಗಿದ್ದ ಸಾವಿತ್ರಿಬಾಯಿ ಫುಲೆ ಅದೇ ಸೋಂಕಿಗೆ ತುತ್ತಾಗಿ ತೀರಿಕೊಂಡಿದ್ದರು.

1918ರ ಜೂನ್‌ನಲ್ಲಿ ಮುಂಬಯಿ ಬಂದರಿನ ಮೂಲಕ ಒಳಬಂದ ಇನ್‌ಫ್ಲುಯೆಂಜಾ ರೈಲುಮಾರ್ಗಗಳನ್ನು ಹಿಡಿದು ಒಳನಾಡಿಗೆ ಹಬ್ಬಿತು. ಮೊದಲ ಅಲೆ ಸೌಮ್ಯವಾಗಿತ್ತು. ಸೆಪ್ಟೆಂಬರ್‌ನಲ್ಲಿ ಎದ್ದ ಎರಡನೆಯ ಅಲೆ ಭೀಕರವಾಯಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು, ಜನ ಹಸಿವಿನಿಂದ ಸೊರಗಿದ್ದರು. ಪುಣೆಯ ಜೊತೆಗೆ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳನ್ನೂ ಒಳಗೊಂಡಿದ್ದ ಮುಂಬಯಿ ಪ್ರಾಂತದಲ್ಲಿ ಸುಮಾರು 10 ಲಕ್ಷ ಜನ ಸತ್ತರೆಂದು ಅಂದಾಜು. ಇಡೀ ಭಾರತದಲ್ಲಿ ಸತ್ತವರು ಒಂದು ಕೋಟಿಯನ್ನು ಮೀರಿದರು. ಆಗ ವೈರಸ್‌ನ ಗುರುತೇ ಸಿಕ್ಕಿರಲಿಲ್ಲ. ಲಸಿಕೆಯಾಗಲಿ ಔಷಧಿಯಾಗಲಿ ಇರಲಿಲ್ಲ. ಗುಂಪು ಸೇರದಿರುವುದು, ಬಯಲಿನಲ್ಲಿ ಮಲಗುವುದು, ರೋಗಿಯನ್ನು ಬೇರೆ ಇಡುವುದು ಇಷ್ಟೇ ಕೈಯಲ್ಲಿದ್ದ ಉಪಾಯಗಳು.

1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದವು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆಯ ವೈರಸ್ಸನ್ನು ಗುರುತಿಸಿದ್ದು ಇದೇ ಕೇಂದ್ರದ ತಂಡ. ಕನ್ನಡ ನಾಡಿಗೆ ಈ ಸಂಸ್ಥೆಯ ಋಣ ಅಲ್ಲಿಂದಲೇ ಇದೆ. 1978ರಲ್ಲಿ ಅದು ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ) ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಜಾಲದಲ್ಲಿ ಭಾರತದ ರಾಷ್ಟ್ರೀಯ ಇನ್‌ಫ್ಲುಯೆಂಜಾ ಕೇಂದ್ರವಾಗಿಯೂ ಅದು ಕೆಲಸ ಮಾಡುತ್ತದೆ.

ದಿನಬಳಕೆಯ ಅಭ್ಯಾಸಗಳು ಊರಿನ ಮಾತಾದದ್ದು 2009ರಲ್ಲಿ. ಆಗಸ್ಟ್ 3ರಂದು ಪುಣೆಯಲ್ಲಿ ಹದಿನಾಲ್ಕು ವರ್ಷದ ಶಾಲಾ ಬಾಲಕಿಯೊಬ್ಬಳು ಹಂದಿಜ್ವರದ ಎಚ್1ಎನ್1 ಸೋಂಕಿನಿಂದ ತೀರಿಕೊಂಡಳು. ಅದು ಭಾರತದಲ್ಲಿ ಆ ಪಿಡುಗಿನ ಮೊದಲ ಸಾವು. ಶಾಲೆ-ಕಾಲೇಜುಗಳಿಗೆ ರಜೆ ಕೊಟ್ಟರು, ಚಿತ್ರಮಂದಿರಗಳು ಮುಚ್ಚಿದವು. ಮಹಾನಗರಪಾಲಿಕೆಯ ಡಾ. ನಾಯ್ಡು ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಮುಂದೆ ತಪಾಸಣೆಗೆ ಉದ್ದನೆಯ ಸಾಲು ನಿಂತಿತು. ಔಷಧಿ ಅಂಗಡಿಗಳಲ್ಲಿ ಮಾಸ್ಕ್ ಸಿಗದಾಯಿತು. ಆ ತಿಂಗಳ ಕೊನೆಯ ಗಣೇಶೋತ್ಸವದ ಅಬ್ಬರವೂ ತಗ್ಗಿತು. 2020ರ ಮಾರ್ಚ್ 9ರಂದು ಮಹಾರಾಷ್ಟ್ರದ ಮೊದಲ ಕೋವಿಡ್ ರೋಗಿಗಳು ಇದೇ ನಾಯ್ಡು ಆಸ್ಪತ್ರೆಗೆ ದಾಖಲಾದಾಗ ಪುಣೆಯ ಜನರಿಗೆ ಮಾಸ್ಕ್, ಸ್ಯಾನಿಟೈಸರ್ ಹೊಸ ಮಾತುಗಳಾಗಿರಲಿಲ್ಲ.

ಹರಡುವ ಬಗೆ

ವೈರಸ್ ಮೂರು ದಾರಿಗಳಲ್ಲಿ ದಾಟುತ್ತದೆ. ಕೆಮ್ಮು-ಸೀನಿನ ದೊಡ್ಡ ಹನಿಗಳು ಹತ್ತಿರದವರ ಮುಖಕ್ಕೆ ಬೀಳುತ್ತವೆ. ಸೂಕ್ಷ್ಮ ಕಣಗಳು ಮುಚ್ಚಿದ ಕೋಣೆಯ ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತಿರುತ್ತವೆ. ಮೂರನೆಯದು ಕೈಯ ದಾರಿ: ಸಿಂಬಳ ಒರೆಸಿದ ಕೈ ಬಾಗಿಲಿನ ಹಿಡಿಯನ್ನು, ಬಸ್ಸಿನ ಕಂಬಿಯನ್ನು, ಮೊಬೈಲನ್ನು ಮುಟ್ಟುತ್ತದೆ, ಅಲ್ಲಿಂದ ಇನ್ನೊಬ್ಬರ ಬೆರಳಿಗೆ, ಬೆರಳಿನಿಂದ ಅವರ ಕಣ್ಣು-ಮೂಗಿಗೆ ವೈರಸ್ ತಲುಪುತ್ತದೆ. ಸ್ಟೀಲು, ಪ್ಲಾಸ್ಟಿಕ್ಕಿನಂಥ ಗಟ್ಟಿ ಮೇಲ್ಮೈಗಳ ಮೇಲೆ ಫ್ಲೂ ವೈರಸ್ 24ರಿಂದ 48 ಗಂಟೆ ಬದುಕಬಲ್ಲದು, ಬಟ್ಟೆಯ ಮೇಲೆ ಅದಕ್ಕಿಂತ ಕಡಿಮೆ. 2015ರಲ್ಲಿ ಪ್ರಕಟವಾದ ಸಿಡ್ನಿಯ ಅಧ್ಯಯನವೊಂದರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ತಮಗರಿವಿಲ್ಲದೆಯೇ ಗಂಟೆಗೆ ಸರಾಸರಿ 23 ಸಲ ಮುಖ ಮುಟ್ಟಿಕೊಂಡಿದ್ದರು. ಸೋಂಕಿನ ಪಾಠ ಓದುವವರ ಕತೆಯೇ ಹೀಗಿದ್ದುದರಿಂದ, ಮುಖ ಮುಟ್ಟಬೇಡಿ ಎನ್ನುವುದಕ್ಕಿಂತ ಕೈ ತೊಳೆಯಿರಿ ಎನ್ನುವುದೇ ನಡೆಯುವ ಮಾತು.

ಮಳೆಯಲ್ಲಿ ನೆನೆದರೆ ನೆಗಡಿ ಬರುತ್ತದೆಯೇ ಎಂಬ ಪ್ರಶ್ನೆಗೆ ವಿಜ್ಞಾನದ ಉತ್ತರ ಒಂದೇ ಮಾತಿನದಲ್ಲ. ಇಂಗ್ಲೆಂಡಿನ ಸಾಲಿಸ್‌ಬರಿಯಲ್ಲಿ 1946ರಿಂದ 1990ರವರೆಗೆ ನಡೆದ ನೆಗಡಿ ಸಂಶೋಧನಾ ಘಟಕದಲ್ಲಿ ಸ್ವಯಂಸೇವಕರನ್ನು ಒದ್ದೆ ಮೈಯಲ್ಲಿ, ತಣ್ಣನೆಯ ಗಾಳಿ ಬೀಸುವ ಪಡಸಾಲೆಯಲ್ಲಿ ನಿಲ್ಲಿಸಿ ನೋಡಿದರು. ಅವರಿಗೆ ನೆಗಡಿ ಹೆಚ್ಚಲಿಲ್ಲ. 2005ರಲ್ಲಿ ಕಾರ್ಡಿಫ್‌ನ ಸಂಶೋಧಕರು 180 ಜನರಲ್ಲಿ ಅರ್ಧದಷ್ಟು ಮಂದಿಯ ಕಾಲನ್ನು 20 ನಿಮಿಷ ತಣ್ಣೀರಿನಲ್ಲಿ ಇರಿಸಿದರು. ಮುಂದಿನ ನಾಲ್ಕೈದು ದಿನಗಳಲ್ಲಿ ಅವರಲ್ಲಿ ನೆಗಡಿಯ ಲಕ್ಷಣ ಹೇಳಿಕೊಂಡವರು ಉಳಿದವರಿಗಿಂತ ಹೆಚ್ಚಿದ್ದರು. ವೈರಸ್ ಇಲ್ಲದೆ ನೆಗಡಿ ಇಲ್ಲ ಎನ್ನುವುದು ಖಚಿತ. ಮೂಗಿನಲ್ಲಿ ಆಗಲೇ ಸೇರಿಕೊಂಡ ವೈರಸ್‌ಗೆ ಚಳಿ ಅವಕಾಶ ಮಾಡಿಕೊಡಬಹುದು ಎನ್ನುವುದು ಎರಡನೆಯ ತಂಡದ ವಾದ. ಒದ್ದೆ ಬಟ್ಟೆ ಬದಲಿಸಿಕೊ ಎಂಬ ಅಜ್ಜಿಯ ಮಾತನ್ನು ತಳ್ಳಿಹಾಕುವ ಅಗತ್ಯವಿಲ್ಲ, ಅದೊಂದೇ ರಕ್ಷೆ ಎಂದು ನೆಚ್ಚುವಂತೆಯೂ ಇಲ್ಲ.

ಋತುಮಾನ

ಯುರೋಪ್, ಅಮೆರಿಕಗಳಲ್ಲಿ ಫ್ಲೂ ಚಳಿಗಾಲದ ಕಾಯಿಲೆ. ಅಲ್ಲಿಂದ ಬಂದ ಸಲಹೆಗಳೆಲ್ಲ ಅಕ್ಟೋಬರ್-ನವೆಂಬರ್ ಲೆಕ್ಕ ಹಿಡಿದಿರುತ್ತವೆ. ಪುಣೆಯ ಪಂಚಾಂಗ ಬೇರೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಫ್ಲೂ ಮುಖ್ಯವಾಗಿ ಏರುತ್ತದೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಏರಿಕೆ ಕಾಣಬಹುದು. ಶಿರೂರು ತಾಲ್ಲೂಕಿನ ವಢು ಸುತ್ತಲಿನ ಹಳ್ಳಿಗಳಲ್ಲಿ ಕೆಇಎಂ ಆಸ್ಪತ್ರೆಯ ಸಂಶೋಧನಾ ಕೇಂದ್ರವು ಎನ್‌ಐವಿ ಜೊತೆಗೂಡಿ 2009ರಿಂದ ಮುಂದೆ ನಡೆಸಿದ ಸರ್ವೇಕ್ಷಣೆ ಈ ಮಳೆಗಾಲದ ಏರಿಕೆಯನ್ನು ದಾಖಲಿಸಿದೆ.

ಊರಿನ ದೊಡ್ಡ ಜನಜಂಗುಳಿಗಳೂ ಇದೇ ತಿಂಗಳುಗಳಲ್ಲಿ ಬೀಳುತ್ತವೆ. ಆಳಂದಿಯಿಂದ ಜ್ಞಾನೇಶ್ವರರ, ದೇಹುವಿನಿಂದ ತುಕಾರಾಮರ ಪಾಲಕಿಗಳು ಆಷಾಢ ಏಕಾದಶಿಗೆ ಪಂಢರಪುರ ಸೇರಲು ಪುಣೆಯ ಮೂಲಕ ಹಾದುಹೋಗುತ್ತವೆ. ಪಾಲಕಿಗಳ ಜೊತೆ ನಡೆಯುವ ವಾರಕರಿಗಳು ಶಾಲೆ, ದೇವಸ್ಥಾನ, ಮನೆಗಳ ಪಡಸಾಲೆಗಳಲ್ಲಿ ಒತ್ತೊತ್ತಾಗಿ ಮಲಗುತ್ತಾರೆ. ಶಾಲೆಗಳು ಶುರುವಾಗುವುದೂ ಜೂನ್‌ನಲ್ಲೇ. ಭಾದ್ರಪದದಲ್ಲಿ ಹತ್ತು ದಿನಗಳ ಗಣೇಶೋತ್ಸವ. ಸಂತರ ಪಾಲಕಿ ನಿಲ್ಲಬೇಕಿಲ್ಲ, ಗಣಪತಿಯೂ ಕೂರಲಿ. ಆ ವಾರಗಳಲ್ಲಿ ವೃದ್ಧರು, ಗರ್ಭಿಣಿಯರು, ದಮ್ಮಿನ ಕಾಯಿಲೆ ಇರುವವರು ನೂಕುನುಗ್ಗಲಿನಿಂದ ದೂರ ನಿಂತು ದರ್ಶನ ಪಡೆಯುವುದು, ಜ್ವರ ಇದ್ದವರು ಮಂಟಪಕ್ಕೆ ಹೋಗದಿರುವುದು ತಡೆಯ ದೃಷ್ಟಿಯಿಂದ ಮುಖ್ಯ.

ಮುಖ್ಯ ಅಭ್ಯಾಸಗಳು

ಕೈ ತೊಳೆಯುವುದು. ಸೋಪು ಹಚ್ಚಿ ಕನಿಷ್ಠ 20 ಸೆಕೆಂಡು ಉಜ್ಜಬೇಕು. ಅಂಗೈ, ಕೈಯ ಹಿಂಭಾಗ, ಮುಷ್ಟಿ, ಹೆಬ್ಬೆರಳು, ಉಗುರು, ಮಣಿಕಟ್ಟು ಈ ಕ್ರಮವನ್ನು ಶಾಲೆಗಳಲ್ಲಿ 'ಸುಮನ್-ಕೆ' ಎಂಬ ಹಿಂದಿ ಸಂಕ್ಷೇಪದಿಂದ ಕಲಿಸುತ್ತಾರೆ. ಹೊರಗಿನಿಂದ ಬಂದ ಕೂಡಲೇ, ಊಟಕ್ಕೆ ಮೊದಲು, ಮೂಗು ಸೀಟಿದ ಬಳಿಕ, ರೋಗಿಯ ಆರೈಕೆಯ ಮುಂಚೆ ಮತ್ತು ಆಮೇಲೆ ತೊಳೆಯುವುದು ಮುಖ್ಯ. ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಕೋಕ್ರೇನ್ ವಿಮರ್ಶೆಯ ಪ್ರಕಾರ ಕೈ ಶುಚಿತ್ವದಿಂದ ಉಸಿರಾಟದ ಸೋಂಕುಗಳು ಸುಮಾರು 14 ಶೇಕಡ ಕಡಿಮೆಯಾಗುತ್ತವೆ. ನೀರು ಸಿಗದ ಕಡೆ 60 ಶೇಕಡಕ್ಕೆ ಕಡಿಮೆಯಿಲ್ಲದ ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಬಳಸಬಹುದು. ಅದು ಕೊಬ್ಬಿನ ಹೊದಿಕೆಯುಳ್ಳ ಫ್ಲೂ ವೈರಸ್ಸನ್ನು ಬೇಗ ಕೊಲ್ಲುತ್ತದೆ. ಅಂಥ ಹೊದಿಕೆ ಇಲ್ಲದ ರೈನೊವೈರಸ್ ಅದಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ, ಆದ್ದರಿಂದ ನೆಗಡಿಯ ಮಟ್ಟಿಗೆ ಸೋಪು-ನೀರೇ ಮೇಲು.

ಕೆಮ್ಮು-ಸೀನಿನ ಶಿಸ್ತು. ಸೀನುವಾಗ ಕರವಸ್ತ್ರವನ್ನೋ ಕಾಗದದ ಟಿಶ್ಯೂವನ್ನೋ ಅಡ್ಡ ಹಿಡಿಯಬೇಕು. ಎರಡೂ ಇಲ್ಲದಿದ್ದರೆ ಮೊಣಕೈ ಒಳಭಾಗವನ್ನು. ಅಂಗೈ ಅಡ್ಡ ಹಿಡಿಯುವ ಹಳೆಯ ಮರ್ಯಾದೆ ವೈರಸ್ಸನ್ನು ನೇರ ಕೈಗೆ ತರುತ್ತದೆ. ದಿನವಿಡೀ ಒಂದೇ ಕರವಸ್ತ್ರವನ್ನು ಜೇಬಿನಲ್ಲಿ ಇಟ್ಟುಕೊಂಡು, ಅದೇ ವಸ್ತ್ರದಿಂದ ಮಗುವಿನ ಬಾಯಿ ಒರೆಸುವುದು ತಪ್ಪಬೇಕು.

ಮಾಸ್ಕ್ ಮತ್ತು ದುಪಟ್ಟಾ. ಪುಣೆಯಲ್ಲಿ ಸ್ಕೂಟರ್ ಓಡಿಸುವ ಹೆಣ್ಣುಮಕ್ಕಳು ಕಣ್ಣು ಮಾತ್ರ ಕಾಣುವಂತೆ ಮುಖಕ್ಕೆ ಸ್ಕಾರ್ಫ್ ಸುತ್ತಿಕೊಳ್ಳುವುದು 2009ಕ್ಕಿಂತ ಹಳೆಯ ರೂಢಿ. ಧೂಳು, ಬಿಸಿಲುಗಳಿಗೆ ಅದು ಸಾಕು. ಸಡಿಲ ನೇಯ್ಗೆಯ ಬಟ್ಟೆ ಸೂಕ್ಷ್ಮ ಕಣಗಳನ್ನು ಚೆನ್ನಾಗಿ ತಡೆಯುವುದಿಲ್ಲ. ಮೂಗಿಗೆ ಬಿಗಿಯಾಗಿ ಕೂರುವ ಎನ್95 ಹೆಚ್ಚು ರಕ್ಷಣೆ ಕೊಡುತ್ತದೆ, ಸರ್ಜಿಕಲ್ ಮಾಸ್ಕ್ ಧರಿಸಿದವರ ಹನಿಗಳು ಹೊರಚಿಮ್ಮದಂತೆ ಹಿಡಿದಿಡುತ್ತದೆ. ಊರಿಗೆ ಊರೇ ಮಾಸ್ಕ್ ಧರಿಸಿದರೆ ಎಷ್ಟು ಲಾಭ ಎನ್ನುವುದರಲ್ಲಿ ಪ್ರಯೋಗಗಳ ಫಲ ಒಂದೇ ತೆರನಾಗಿಲ್ಲ. ಕಾಯಿಲೆಯವರು, ಅವರನ್ನು ನೋಡಿಕೊಳ್ಳುವವರು, ಆಸ್ಪತ್ರೆಗೆ ಹೋಗುವವರು ಧರಿಸುವುದು ಹಿತ ಎನ್ನುವುದರಲ್ಲಿ ವೈದ್ಯರಿಗೆ ಭಿನ್ನಮತವಿಲ್ಲ.

ಗಾಳಿ. ಮಳೆ ಎರಚುತ್ತದೆಂದು ಕಿಟಕಿ ಮುಚ್ಚುವುದು ಮಳೆಗಾಲದ ಸಹಜ ಪ್ರವೃತ್ತಿ. ಪೇಟೆ ಭಾಗದ ಹಳೆಯ ವಾಡೆಗಳ ಒಳಕೋಣೆಗಳಿಗೂ ಹಿಂಜವಡಿಯ ಹವಾನಿಯಂತ್ರಿತ ಸಾಫ್ಟ್‌ವೇರ್ ಕಚೇರಿಗಳಿಗೂ ಇದೇ ತೊಡಕು: ಒಬ್ಬರು ಬಿಟ್ಟ ಉಸಿರು ಅಲ್ಲಲ್ಲೇ ಸುತ್ತುತ್ತದೆ. ಎದುರುಬದುರಿನ ಎರಡು ಕಿಟಕಿಗಳನ್ನು ಸ್ವಲ್ಪವಾದರೂ ತೆರೆದಿಡುವುದು, ಎಕ್ಸಾಸ್ಟ್ ಫ್ಯಾನ್ ಓಡಿಸುವುದು ಹೆಚ್ಚು ಖರ್ಚಿಲ್ಲದ ಉಪಾಯಗಳು.

ನಿದ್ದೆ, ಹೊಗೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಆರೋಗ್ಯವಂತರಾದ 153 ಜನರ ಮೂಗಿಗೆ ರೈನೊವೈರಸ್ ಹನಿ ಬಿಟ್ಟು ನೋಡಿ, 2009ರಲ್ಲಿ ಫಲ ಪ್ರಕಟಿಸಿದರು. ಏಳು ಗಂಟೆಗಿಂತ ಕಡಿಮೆ ನಿದ್ದೆ ಮಾಡುತ್ತಿದ್ದವರಿಗೆ, ಎಂಟು ಗಂಟೆ ಮಲಗುತ್ತಿದ್ದವರಿಗಿಂತ ನೆಗಡಿ ತಗಲುವ ಸಂಭವ ಸುಮಾರು ಮೂರು ಪಟ್ಟು ಇತ್ತು. ಬೀಡಿ-ಸಿಗರೇಟು, ಸೌದೆ ಒಲೆಯ ಹೊಗೆ ಶ್ವಾಸನಾಳದ ಒಳಪದರದ ಸೂಕ್ಷ್ಮ ರೋಮಗಳನ್ನು ಕೆಡಿಸಿ ಸೋಂಕಿಗೆ ದಾರಿ ಮಾಡುತ್ತದೆ.

ಮನೆಯಲ್ಲಿ ಉಳಿಯುವುದು. ಔಷಧಿ ಇಲ್ಲದೆಯೇ ಜ್ವರ ಇಳಿದು 24 ಗಂಟೆ ಕಳೆಯುವವರೆಗೆ ಶಾಲೆಗೆ, ಕೆಲಸಕ್ಕೆ ಹೋಗಬಾರದು. ಇದು ಎಲ್ಲಕ್ಕಿಂತ ಪರಿಣಾಮಕಾರಿ ರೂಢಿಗಳಲ್ಲಿ ಒಂದು, ಎಲ್ಲಕ್ಕಿಂತ ಕಷ್ಟದ್ದೂ ಇದೇ. 2020ರ ಬಳಿಕ ಐಟಿ ಉದ್ಯೋಗಿಗೆ ಮನೆಯಿಂದಲೇ ಕೆಲಸ ಮಾಡುವ ಅನುಕೂಲ ಸಿಕ್ಕಿದೆ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ದುಡಿಯಲು ಬಂದು ಪುಣೆಯ ಕಟ್ಟಡ ಕೆಲಸಗಳಲ್ಲಿ ತಗಡಿನ ಶೆಡ್ಡುಗಳಲ್ಲಿ ನೆಲೆಸಿರುವ ಕನ್ನಡದ ಕೂಲಿಗಳಿಗೆ ಒಂದು ದಿನದ ರಜೆ ಎಂದರೆ ಒಂದು ದಿನದ ಪಗಾರ ಹೋದಂತೆ. ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವ ಕಡೆ ರೋಗಿಯನ್ನು ಬೇರೆ ಇಡಲು ಜಾಗವಿಲ್ಲ. ಡ್ರಮ್ಮಿನಲ್ಲಿ ಹಿಡಿದಿಟ್ಟ ನೀರು ಅಡುಗೆಗೇ ಸಾಲದಾದಾಗ ಹತ್ತು ಸಲ ಕೈ ತೊಳೆಯಿರಿ ಎಂಬ ಸಲಹೆ ತೂಕ ಕಳೆದುಕೊಳ್ಳುತ್ತದೆ. ಅಭ್ಯಾಸ ವ್ಯಕ್ತಿಯದೇ ಆದರೂ ಅದಕ್ಕೆ ಬೇಕಾದ ನೀರು, ಜಾಗ, ರಜೆಗಳು ಅವನೊಬ್ಬನ ಕೈಯಲ್ಲಿಲ್ಲ. ಕೆಲಸದ ಜಾಗದಲ್ಲಿ ನಲ್ಲಿ-ಸೋಪು ಮತ್ತು ಜ್ವರದ ದಿನಕ್ಕೆ ಕೂಲಿ ಕೊಡುವುದು ಗುತ್ತಿಗೆದಾರರು ಮಾಡಬಹುದಾದ ರೋಗತಡೆಯ ಕೆಲಸ.

ಮನೆಮದ್ದು ಮತ್ತು ಆಹಾರ

ಶುಂಠಿ, ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಬೀಜದ ಕಷಾಯ, ಮೆಣಸಿನ ಸಾರು, ಅರಿಶಿನ ಹಾಲು ಕನ್ನಡದ ಮನೆಗಳ ರೂಢಿ. ಪುಣೆಯ ಮರಾಠಿ ಮನೆಗಳ ಕಾಢಾ ಎಂಬ ಕಷಾಯಕ್ಕೆ ತುಳಸಿಯ ಜೊತೆ ಗವತಿ ಚಹಾ, ಅಂದರೆ ತರಕಾರಿ ಮಾರುಕಟ್ಟೆಯಲ್ಲಿ ಕಟ್ಟುಗಟ್ಟಲೆ ಮಾರುವ ನಿಂಬೆಹುಲ್ಲು ಬೀಳುತ್ತದೆ. ಬಿಸಿ ಪಾನೀಯ ಗಂಟಲಿಗೆ ಹಿತ ಕೊಡುತ್ತದೆ, ಮೈಗೆ ನೀರು ಸೇರಿಸುತ್ತದೆ. ಇವು ಸೋಂಕನ್ನು ತಡೆಯುತ್ತವೆ ಎನ್ನಲು ಗಟ್ಟಿ ಪುರಾವೆ ಇಲ್ಲ. ವಿಟಮಿನ್ ಸಿ ಕುರಿತು 1970ರಲ್ಲಿ ಲೈನಸ್ ಪೌಲಿಂಗ್ ಪುಸ್ತಕ ಬರೆದ ಮೇಲೆ ಜಗತ್ತಿನಾದ್ಯಂತ ಆ ಗುಳಿಗೆ ಜನಪ್ರಿಯವಾಯಿತು. ನಂತರದ ಪ್ರಯೋಗಗಳ ಪ್ರಕಾರ ದಿನವೂ ತಿನ್ನುವುದರಿಂದ ಸಾಮಾನ್ಯ ಜನರಲ್ಲಿ ನೆಗಡಿ ಕಡಿಮೆಯಾಗುವುದಿಲ್ಲ, ನೆಗಡಿಯ ಅವಧಿ ತುಸು ಕುಗ್ಗುತ್ತದೆ. ಗಂಟಲು ಮುಕ್ಕಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಬೆಂಬಲವಿದೆ: 2005ರಲ್ಲಿ ಪ್ರಕಟವಾದ, ಜಪಾನಿನ 387 ಜನರ ಮೇಲಿನ ಪ್ರಯೋಗದಲ್ಲಿ ಬರಿಯ ನೀರಿನಿಂದ ದಿನಕ್ಕೆ ಮೂರು ಸಲ ಗಂಟಲು ಮುಕ್ಕಳಿಸಿದವರಿಗೆ ಶ್ವಾಸಸೋಂಕು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಯಿತು.

ಎರಡು ಎಚ್ಚರಿಕೆಗಳು ಬೇಕು. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು, ಅದರಿಂದ ಬಾಟ್ಯುಲಿಸಂ ಎಂಬ ವಿಷಬಾಧೆಯ ಅಪಾಯವಿದೆ. ಕುದಿಯುವ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಿ ಹಬೆ ಕೊಡುವಾಗ ಸುಟ್ಟಗಾಯಗಳಾಗುವ ಸಂಭವ ಹೆಚ್ಚು.

ಲಸಿಕೆ

ಹಡಪ್ಸರದ ಸೀರಮ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾವನ್ನು 1966ರಲ್ಲಿ ಸೈರಸ್ ಪೂನಾವಾಲಾ ಸ್ಥಾಪಿಸಿದರು. ಹಂದಿಜ್ವರದ ಮರುವರ್ಷ, 2010ರಲ್ಲಿ, ಈ ಸಂಸ್ಥೆ ಸೂಜಿಯಿಲ್ಲದೆ ಮೂಗಿಗೆ ಸಿಂಪಡಿಸುವ ನಾಸೋವ್ಯಾಕ್ ಲಸಿಕೆಯನ್ನು ಹೊರತಂದಿತು.

ಫ್ಲೂ ಲಸಿಕೆಯನ್ನು ಆರು ತಿಂಗಳು ದಾಟಿದ ಯಾರಿಗೂ ಕೊಡಬಹುದು. ಗರ್ಭಿಣಿಯರು, 65 ದಾಟಿದವರು, ಮಧುಮೇಹ, ದಮ್ಮು, ಹೃದ್ರೋಗ ಇರುವವರು, ಆಸ್ಪತ್ರೆ ಸಿಬ್ಬಂದಿ ಇವರಿಗೆ ಅದು ಹೆಚ್ಚು ಅಗತ್ಯ. ರಕ್ಷಣೆ ಬೆಳೆಯಲು ಸುಮಾರು ಎರಡು ವಾರ ಬೇಕು. ಲಸಿಕೆಯ ತಳಿ ಊರಿನಲ್ಲಿ ಓಡಾಡುವ ತಳಿಗೆ ಹೊಂದಿದ ವರ್ಷಗಳಲ್ಲಿ ವೈದ್ಯರ ಬಳಿ ಹೋಗಬೇಕಾದಷ್ಟು ಫ್ಲೂ ತಗಲುವ ಸಂಭವ 40ರಿಂದ 60 ಶೇಕಡ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ ಲಸಿಕೆಯ ತಳಿಗಳನ್ನು ಆರಿಸುತ್ತದೆ. ಭೂಪಟದಲ್ಲಿ ಪುಣೆ ಉತ್ತರ ಗೋಳಾರ್ಧಕ್ಕೆ ಸೇರಿದ್ದರೂ ಇಲ್ಲಿನ ಫ್ಲೂ ಮಳೆಯ ಜೊತೆ ಬರುತ್ತದೆ. ಈ ಕಾರಣಕ್ಕೆ ಮಳೆಗಾಲದಲ್ಲಿ ಫ್ಲೂ ಏರುವ ಭಾರತದ ನಗರಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಲಸಿಕೆ ಹಾಕುವುದು ಸೂಕ್ತ, ಚಳಿಗಾಲದಲ್ಲಿ ಏರುವ ಶ್ರೀನಗರಕ್ಕೆ ಅಕ್ಟೋಬರ್-ನವೆಂಬರ್ ಸೂಕ್ತ ಎಂದು ಎನ್‌ಐವಿ ವಿಜ್ಞಾನಿಗಳು ಸೂಚಿಸಿದ್ದಾರೆ.

ವೈದ್ಯರ ನೆರವು

ಕೇಂದ್ರ ಆರೋಗ್ಯ ಇಲಾಖೆ 2009ರಿಂದ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸುವ ಕ್ರಮ ಪಾಲಿಸುತ್ತಿದೆ. ಸೌಮ್ಯ ಜ್ವರ-ಕೆಮ್ಮು ಇರುವ ಎ ಗುಂಪಿಗೆ ಮನೆಯ ವಿಶ್ರಾಂತಿ ಸಾಕು. ತೀವ್ರ ಜ್ವರ ಇರುವವರು ಮತ್ತು ಹೆಚ್ಚಿನ ಅಪಾಯದವರು ಬಿ ಗುಂಪು. ಇವರಿಗೆ ವೈದ್ಯರು ಒಸೆಲ್ಟಾಮಿವಿರ್ ಕೊಡಬಹುದು, ಅದು ಲಕ್ಷಣ ಕಂಡ 48 ಗಂಟೆಗಳೊಳಗೆ ಶುರುವಾದರೆ ಹೆಚ್ಚು ಫಲಕಾರಿ. ಉಸಿರಾಟದ ತೊಂದರೆ, ಎದೆನೋವು, ಕಫದಲ್ಲಿ ರಕ್ತ, ತುಟಿ-ಉಗುರು ನೀಲಿಯಾಗುವುದು, ಮಂಪರು ಇವು ಸಿ ಗುಂಪಿನ ಲಕ್ಷಣಗಳು. ಇವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಆಂಟಿಬಯಾಟಿಕ್ ಗುಳಿಗೆಗಳು ಬ್ಯಾಕ್ಟೀರಿಯಾಕ್ಕೆ ಮಾತ್ರ ಲಾಗು. ನೆಗಡಿಗೂ ಫ್ಲೂಗೂ ಅವು ನಿರುಪಯೋಗಿ. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಬಾರದು.

ಇಂದಿನ ಸ್ಥಿತಿ

ಕೋವಿಡ್‌ಗಾಗಿ ಜಗತ್ತು ಮಾಸ್ಕ್ ತೊಟ್ಟು ಮನೆಯೊಳಗೆ ಕುಳಿತ 2020-21ರಲ್ಲಿ ಫ್ಲೂ ಬಹುತೇಕ ಕಾಣೆಯಾಯಿತು. ಬಿ ಬಗೆಯ ಯಮಗಾಟ ಎಂಬ ಶಾಖೆ 2020ರ ಮಾರ್ಚ್ ನಂತರ ಖಚಿತವಾಗಿ ಪತ್ತೆಯೇ ಆಗಿಲ್ಲ. ಹೀಗಾಗಿ 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಲಸಿಕೆಯಿಂದ ಕೈಬಿಡಬಹುದೆಂದು ಹೇಳಿತು, ನಾಲ್ಕು ತಳಿಗಳ ಲಸಿಕೆಗಳು ಮತ್ತೆ ಮೂರು ತಳಿಗಳಿಗೆ ಇಳಿಯತೊಡಗಿದವು.

ನಿರ್ಬಂಧಗಳು ಸಡಿಲವಾದ ಮೇಲೆ ಫ್ಲೂ ಮರಳಿದೆ. 2023ರ ಆರಂಭದಲ್ಲಿ ಎಚ್3ಎನ್2 ದೇಶದಾದ್ಯಂತ ಏರಿತು, ಆಗ ವರದಿಯಾದ ಮೊದಲ ಸಾವುಗಳಲ್ಲಿ ಒಂದು ಹಾಸನ ಜಿಲ್ಲೆಯದು. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಪತ್ತೆಯಾದಾಗ ಆತಂಕ ಹಬ್ಬಿತು. ಅದು 2001ರಲ್ಲೇ ಗುರುತಿಸಲಾದ, ಹೆಚ್ಚಾಗಿ ನೆಗಡಿಯಂಥ ಕಾಯಿಲೆ ತರುವ ವೈರಸ್. ಅದಕ್ಕೆ ಪ್ರತ್ಯೇಕ ಲಸಿಕೆಯಿಲ್ಲ, ಮೇಲೆ ಹೇಳಿದ ಅಭ್ಯಾಸಗಳೇ ಅದರ ತಡೆಗೂ ಸಲ್ಲುತ್ತವೆ.

ಫ್ಲೂ ಲಸಿಕೆ ಇನ್ನೂ ರಾಷ್ಟ್ರೀಯ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿಲ್ಲ. ಮಹಾರಾಷ್ಟ್ರ ಸರಕಾರ 2015ರಿಂದ ಗರ್ಭಿಣಿಯರು ಮೊದಲಾದ ಹೆಚ್ಚಿನ ಅಪಾಯದ ಗುಂಪುಗಳಿಗೆ ಸರಕಾರಿ ದವಾಖಾನೆಗಳಲ್ಲಿ ಅದನ್ನು ಉಚಿತವಾಗಿ ಕೊಡುವ ಏರ್ಪಾಡು ಮಾಡಿದೆ. ಉಳಿದವರು ಖಾಸಗಿ ವೈದ್ಯರಲ್ಲಿ ಹಣ ಕೊಟ್ಟು ಹಾಕಿಸಿಕೊಳ್ಳಬೇಕು. ಪುಣೆಯಲ್ಲಿ ಶಂಕಿತ ರೋಗಿಗಳ ಗಂಟಲು-ಮೂಗಿನ ದ್ರವದ ಮಾದರಿಗಳು ಎನ್‌ಐವಿಗೆ ಹೋಗುತ್ತವೆ. ಅಲ್ಲಿ ಬೇರ್ಪಡಿಸಿದ ತಳಿಗಳ ಮಾಹಿತಿ ವಿಶ್ವ ಆರೋಗ್ಯ ಸಂಸ್ಥೆಯ ಜಾಲಕ್ಕೆ ಸೇರಿ, ಮುಂದಿನ ವರ್ಷದ ಲಸಿಕೆಯ ಆಯ್ಕೆಗೆ ಬಳಕೆಯಾಗುತ್ತದೆ.